ನ್ಯೂಟ್ರಲ್ ವೈರಿನಲ್ಲೂ ಅಷ್ಟೇ ಕರೆಂಟ್

ಮುಧೋಳ, ಜಮಖಂಡಿ ಕಡೆ ಮೋಟಾರು, ಸ್ಟಾರ್ಟರ್, ಮನೆ ವೈರಿಂಗ್ ನನ್ನ ಕೆಲಸ. ಜೊತೆಗೆ ಬರುವ ಹುಡುಗರಿಗೆ ಮೊದಲು ಕಲಿಸುವುದು ಟಾಂಗ್ ಟೆಸ್ಟರ್ (ವೈರಿನ ಸುತ್ತ ಇಕ್ಕಳದಂತೆ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿಯುವುದನ್ನು. 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುತ್ತಿರುವಾಗ ಕರೆಂಟ್ ತರುವ ಫೇಸ್ ವೈರಿಗೆ ಹಾಕಿದರೆ 6 ಆಂಪಿಯರ್ ಆಸುಪಾಸು. ವಾಪಸ್ ಒಯ್ಯುವ ನ್ಯೂಟ್ರಲ್‌ಗೆ ಹಾಕಿದರೂ ಅಷ್ಟೇ! ಆಗ ಪ್ರಶ್ನೆ ಬಂದೇ ಬರುತ್ತದೆ.

"ಮೋಟಾರ್ ಕರೆಂಟ್ ತಿಂದಮ್ಯಾಲೆ ವಾಪಸ್ ಅಷ್ಟೇ ಹೆಂಗ ಬರ್ತೈತ್ರೀ ಸರ?"

ಎರಡೂ ವೈರನ್ನು ಒಟ್ಟಿಗೆ ಟಾಂಗ್ ಒಳಗೆ ಹಿಡಿಸುತ್ತೇನೆ. ಮೀಟರ್ ಸೊನ್ನೆ ತೋರಿಸುತ್ತದೆ. ಹೋದಷ್ಟೇ ಬಂತು. ಈ ಲೆಕ್ಕ ತಪ್ಪಿದರೆ ಸಾಕು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ.

ಮೋಟಾರು ಎಲೆಕ್ಟ್ರಾನ್ ತಿನ್ನುವುದಿಲ್ಲ. ತಾಮ್ರದ ವೈರಿನ ತುಂಬ ಅವು ಮೊದಲೇ ಇರುತ್ತವೆ. ಸ್ವಿಚ್ ಹಾಕಿದಾಗ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಹೊರಟು ಬಲ್ಬಿಗೆ ಓಡಿಬರುವುದೂ ಇಲ್ಲ. 2.5 ಚದರ ಮಿಲಿಮೀಟರ್ ವೈರಿನಲ್ಲಿ 10 ಆಂಪಿಯರ್ ಡಿಸಿ (ಒಂದೇ ದಿಕ್ಕಿನ ಕರೆಂಟ್) ಹರಿದರೆ ಅವು ಮುಂದೆ ಸರಿಯುವುದು ಗಂಟೆಗೆ ಸುಮಾರು 1 ಮೀಟರ್, ಅಷ್ಟೇ. (ಬಿಸಿಗೆ ಅತ್ತಿತ್ತ ದಿಕ್ಕಿಲ್ಲದೆ ಜೋರಾಗಿ ಓಡಾಡುತ್ತವೆ, ಅದು ಬೇರೆ.) ಸೆಕೆಂಡಿಗೆ 50 ಸಲ ಹೋಗಿ ಬರುವ ಮನೆಯ 50 ಹರ್ಟ್ಸ್ ಎಸಿ ಕರೆಂಟಿನಲ್ಲಂತೂ ಇದ್ದಲ್ಲೇ ಹಿಂದೆ ಮುಂದೆ ಆಡುತ್ತವೆ. ಆ ಆಟ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಮಾತ್ರ. ಬಡಿಗನ ಗರಗಸವೂ ಹಾಗೇ ಅಲ್ವಾ? ಇದ್ದಲ್ಲೇ ಹೋಗಿ ಬರುತ್ತದೆ, ಕಟ್ಟಿಗೆ ಕತ್ತರಿಸುತ್ತದೆ. ಆದರೆ ಎಲೆಕ್ಟ್ರಾನ್‌ಗಳನ್ನು ತಳ್ಳುವ ವಿದ್ಯುತ್ ಕ್ಷೇತ್ರ ವೈರಿನುದ್ದಕ್ಕೂ ಬೆಳಕಿನ ವೇಗದ ಹತ್ತಿರ ಹತ್ತಿರ ಹಬ್ಬುತ್ತದೆ. ಅದಕ್ಕೇ ಬಲ್ಬು ತಕ್ಷಣ ಹತ್ತುತ್ತದೆ. ಖರ್ಚಾಗುವುದು ಶಕ್ತಿ, ಬಿಲ್ಲು ಬರುವುದೂ ಅದಕ್ಕೇ.

ಇದು ತಿಳಿಯದಿದ್ದರೆ ಜೀವಕ್ಕೇ ಅಪಾಯ. "ನ್ಯೂಟ್ರಲ್ ಐತಿ, ಏನೂ ಆಗೂದಿಲ್ಲ" ಅಂತ ಬರಿಗೈಯಲ್ಲಿ ಮುಟ್ಟುವವರನ್ನು ನೋಡಿದರೆ ನನಗೆ ಎದೆ ಝಲ್ ಎನ್ನುತ್ತದೆ. ನ್ಯೂಟ್ರಲ್ ಎಲ್ಲೋ ಕಡಿದಿದೆ ಅಂದುಕೊಳ್ಳಿ. ಬಲ್ಬು ಉರಿಯುವುದಿಲ್ಲ. ಆದರೆ ಸ್ವಿಚ್ ಆನ್ ಇದ್ದರೆ ಫೇಸ್ ಆ ಬಲ್ಬಿನ ಮೂಲಕವೇ ದಾಟಿ, ಕಡಿದ ಜಾಗದವರೆಗಿನ ನ್ಯೂಟ್ರಲ್ ವೈರಿಗೆ ಬಂದು ನಿಂತಿರುತ್ತದೆ. ಮುಟ್ಟಿದರೆ ಕೈಯೇ ದಾರಿ. ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ (ಫೇಸ್ ತಾಗಿದರೆ ದೀಪ ಹತ್ತುವ ಸ್ಕ್ರೂಡ್ರೈವರ್) ಉರಿಯುತ್ತದೆ. ಹುಡುಗರು "ಎರಡೂ ಫೇಸ್ ಆಗ್ಯಾವ್ರೀ" ಅಂತ ಗಾಬರಿಯಾಗುತ್ತಾರೆ. ಮನೆಯಲ್ಲಿ ಬೇರೆ ಲೋಡ್ ಇಲ್ಲದಿದ್ದರೆ, ಆ ಬಲ್ಬಿನ ಸ್ವಿಚ್ ಆಫ್ ಮಾಡಿದ ಕೂಡಲೇ ಒಂದು ತೂತಿನದು ಆರುತ್ತದೆ.

ಆಗ ಫ್ಯೂಸ್ ಹುಡುಕುತ್ತ ಕೂರಬೇಡಿ. ಮೇನ್ ಆಫ್ ಮಾಡಿ, ಸಪ್ಲೈ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ನ್ಯೂಟ್ರಲ್ ಲಿಂಕಿನ (ನ್ಯೂಟ್ರಲ್ ವೈರುಗಳು ಸೇರುವ ಪಟ್ಟಿ) ಸ್ಕ್ರೂ ನೋಡಿ. ಅಲ್ಲೂ ಅಷ್ಟೇ ಆಂಪಿಯರ್ ಹರಿದಿರುತ್ತದೆ, ಸಡಿಲ ಇದ್ದರೆ ಕಾದು ತಾಮ್ರ ಕಪ್ಪಾಗಿರುತ್ತದೆ. ಆ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿ.