ಕಫದಲ್ಲಿ ಕ್ಷಯವಿಲ್ಲ ಎಂದಾದ ಮೇಲೆ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಎರಡು ವಾರ ಮೀರಿದ ಕೆಮ್ಮು ಎಂದ ಕೂಡಲೇ ಕೈ ತಾನಾಗಿ ಕಫ ಪರೀಕ್ಷೆಯ ಚೀಟಿಯತ್ತ ಹೋಗುತ್ತದೆ. ಆ ಅಭ್ಯಾಸ ಸರಿಯಾದದ್ದೇ. ತೊಡಕಿರುವುದು ವರದಿ ನೆಗೆಟಿವ್ ಬಂದ ಮೇಲೆ: ರೋಗಿಗೆ ಕೆಮ್ಮಿನ ಸಿರಪ್ ಬರೆದುಕೊಟ್ಟರೆ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ದೊಡ್ಡವರಿಗೂ ನಾಯಿಕೆಮ್ಮು ಬರುತ್ತದೆಂಬುದು ಹೊರರೋಗಿ ವಿಭಾಗದ ಗದ್ದಲದಲ್ಲಿ ನೆನಪಾಗುವುದು ಅಪರೂಪ.

ಮಗಳ ಬಾಣಂತನ ಮಾಡುತ್ತಿದ್ದ ಅಜ್ಜಿಯೊಬ್ಬರು ಹೀಗೆಯೇ ನೆಗೆಟಿವ್ ವರದಿ ಹಿಡಿದು ಬಂದಿದ್ದರು. ಜ್ವರವಿರಲಿಲ್ಲ, ಎದೆ ಶುದ್ಧವಾಗಿತ್ತು, ಮಕ್ಕಳಲ್ಲಿ ಕೇಳಿಬರುವಂತೆ ಉಸಿರೆಳೆದುಕೊಳ್ಳುವ ‘ಊಪ್’ ಸದ್ದೂ ಇರಲಿಲ್ಲ. ವಯಸ್ಕರಲ್ಲಿ ಅದು ಅನೇಕ ಬಾರಿ ಇರುವುದೇ ಇಲ್ಲ. “ಹಗಲು ಅಷ್ಟೇನಿಲ್ಲ ಸಾರ್, ರಾತ್ರಿ ಹಿಡ್ಕೊಂಡ್ರೆ ಉಂಡದ್ದು ವಾಂತಿ ಆಗೋ ತನಕ ಬಿಡಲ್ಲ” ಎಂದರು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವವರು ಯಾರೆಂದು ಕೇಳಿದಾಗ, ತಾವೇ ಎಂದರು. ಕೂಸಿಗೆ ಇನ್ನೂ ಆರು ವಾರ ತುಂಬಿರಲಿಲ್ಲ, ಅಂದರೆ ನಾಯಿಕೆಮ್ಮಿನ ಅಂಶವೂ ಇರುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸೂ ಬಿದ್ದಿರಲಿಲ್ಲ.

ಅಷ್ಟು ಎಳೆಯ ಕೂಸಿನಲ್ಲಿ ನಾಯಿಕೆಮ್ಮು ಕೆಮ್ಮಾಗಿಯೇ ಕಾಣಿಸಬೇಕೆಂದಿಲ್ಲ. ಉಸಿರು ನಡುನಡುವೆ ನಿಂತು ಮೈ ನೀಲಿಗಟ್ಟಬಹುದು. ಆದ್ದರಿಂದ ಮೂಗಿನ ಹಿಂಭಾಗದಿಂದ ತೆಗೆದ ಸ್ವಾಬಿನ ಫಲಿತಾಂಶಕ್ಕೆ ಕಾಯದೆ ಅಜ್ಜಿಗೂ ಮನೆಯವರೆಲ್ಲರಿಗೂ ಅಜಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಆರಂಭಿಸಿ, ಐದು ದಿನದ ಕೋರ್ಸ್ ಮುಗಿಯುವವರೆಗೆ ಕೂಸನ್ನು ಅಜ್ಜಿಯ ಕೈಗೆ ಕೊಡಬಾರದೆಂದು ತಿಳಿಸಿ, ಪ್ರತಿದಿನ ಮನೆಗೆ ಹೋಗಿ ನೋಡಲು ಆಶಾ ಕಾರ್ಯಕರ್ತೆಗೆ ಹೇಳಿದೆವು. ತಡವಾಗಿ ಕೊಟ್ಟ ಔಷಧಿ ಕೆಮ್ಮನ್ನು ಅಷ್ಟಾಗಿ ತಗ್ಗಿಸುವುದಿಲ್ಲ, ಅದರ ಮುಖ್ಯ ಲಾಭ ಹರಡುವಿಕೆ ನಿಲ್ಲುವುದು. ಇದನ್ನು ಮೊದಲೇ ಹೇಳದಿದ್ದರೆ, ಕೆಮ್ಮು ನಿಲ್ಲಲಿಲ್ಲವೆಂದು ಜನ ಮಾತ್ರೆಯನ್ನು ಅರ್ಧಕ್ಕೇ ಬಿಡುತ್ತಾರೆ.

ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ನಾಯಿಕೆಮ್ಮಿನ ಅಂಶವಿರುವ ಕೊನೆಯ ಡೋಸ್ ಐದು ವರ್ಷದ ಡಿಪಿಟಿ ಬೂಸ್ಟರ್. ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲೂ ಗರ್ಭಿಣಿಯರಿಗೂ ಕೊಡುವ ಟಿಡಿಯಲ್ಲಿ ಧನುರ್ವಾಯು ಮತ್ತು ಗಂಟಲಮಾರಿಯ ಅಂಶಗಳಷ್ಟೇ ಇವೆ. ಲಸಿಕೆಯ ರಕ್ಷಣೆ ಕೆಲವು ವರ್ಷಗಳಲ್ಲಿ ಕ್ಷೀಣಿಸುವುದರಿಂದ, ಕೂಸನ್ನು ಎತ್ತಿ ಆಡಿಸುವ ಬಹುತೇಕ ಎಲ್ಲರೂ ಸೋಂಕು ತಗುಲಬಹುದಾದವರೇ. ಬ್ರಿಟನ್ನಿನಲ್ಲಿ 2012ರಿಂದ ಗರ್ಭಿಣಿಯರಿಗೇ ನಾಯಿಕೆಮ್ಮಿನ ಲಸಿಕೆ ಕೊಡುತ್ತಿದ್ದಾರೆ. ಕೂಸು ಹುಟ್ಟುವ ಮೊದಲೇ ತಾಯಿಯ ಪ್ರತಿಕಾಯಗಳು ಅದಕ್ಕೆ ದಾಟುತ್ತವೆ. ನಮ್ಮಲ್ಲಿ ಟಿಡ್ಯಾಪ್, ಅಂದರೆ ನಾಯಿಕೆಮ್ಮಿನ ಅಂಶವೂ ಇರುವ ದೊಡ್ಡವರ ಲಸಿಕೆ, ಖಾಸಗಿಯಾಗಿ ದುಡ್ಡು ಕೊಟ್ಟವರಿಗೆ ಸಿಗುತ್ತದೆ, ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಅದರ ಹೆಸರು ಕೇಳಿದವರೂ ಕಡಿಮೆ.

ಈಗ ನಮ್ಮಲ್ಲಿ ಕಫದ ವರದಿ ನೆಗೆಟಿವ್ ಬಂದ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಕೇಳುತ್ತೇವೆ: ಕೆಮ್ಮಿದ ಮೇಲೆ ವಾಂತಿಯಾಗುತ್ತದೆಯೇ, ಮನೆಯಲ್ಲಿ ಹಸುಗೂಸಾಗಲಿ ತುಂಬು ಗರ್ಭಿಣಿಯಾಗಲಿ ಇದ್ದಾರೆಯೇ. ಎರಡಕ್ಕೂ ಹೌದೆಂದರೆ ಅದೇ ದಿನ, ರೋಗ ಹರಡುವಿಕೆಯ ಮೇಲೆ ನಿಗಾ ಇಡುವ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಫೋನ್ ಮಾಡುತ್ತೇವೆ.