ಒಂದು ಪೇಡೆ ಕಡಿಮೆ ಬಿತ್ತು

ಮ.ಸಾ.ಅ. (ಎರಡು ಸಂಖ್ಯೆಗಳನ್ನೂ ಪೂರ್ತಿ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಯಾವಾಗ, ಲ.ಸಾ.ಅ. (ಎರಡರಿಂದಲೂ ಪೂರ್ತಿ ಭಾಗವಾಗುವ ಅತಿ ಸಣ್ಣ ಸಂಖ್ಯೆ) ಯಾವಾಗ ಅಂತ ಮಕ್ಕಳು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಸಮನಾಗಿ ಹಂಚುವ ಲೆಕ್ಕಕ್ಕೆ ಮ.ಸಾ.ಅ., ಮತ್ತೆ ಒಟ್ಟಿಗೆ ಸೇರುವ ಲೆಕ್ಕಕ್ಕೆ ಲ.ಸಾ.ಅ. ಒಂದು ಬಸ್ಸು 12 ನಿಮಿಷಕ್ಕೊಮ್ಮೆ, ಇನ್ನೊಂದು 18 ನಿಮಿಷಕ್ಕೊಮ್ಮೆ ಹೊರಟರೆ, ಎರಡೂ ಮತ್ತೆ ಜೊತೆಯಾಗಿ ಹೊರಡುವುದು 36 ನಿಮಿಷಕ್ಕೆ. (ಪುಸ್ತಕದ ಬಸ್ಸು ಮಾತ್ರ ಅಷ್ಟು ಟೈಮಿಗೆ ಸರಿಯಾಗಿ ಬಿಡುತ್ತವೆ, ಅಲ್ವಾ?)

ನಿನ್ನೆ ಧಾರವಾಡದಲ್ಲಿ ಅಕ್ಕನ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ಬಂದವರಿಗೆ ಕೊಡೋಕೆ 84 ಪೇಡೆ, 60 ತುಂಡು ಕರದಂಟು. ಎಲ್ಲ ಡಬ್ಬಿ ಒಂದೇ ಥರ ಇರಬೇಕು, ಏನೂ ಉಳಿಯಬಾರದು. ಹೆಚ್ಚೆಂದರೆ ಎಷ್ಟು ಡಬ್ಬಿ?

ಅಪವರ್ತನ ಬರೆಯುತ್ತಾ ಕೂರಬೇಕಿಲ್ಲ. ಕ್ರಿ.ಪೂ. 300ರ ಸುಮಾರಿನಲ್ಲೇ ಯೂಕ್ಲಿಡ್ ಬರೆದಿಟ್ಟ ಉಪಾಯ ಇದೆ. ದೊಡ್ಡದರಲ್ಲಿ ಸಣ್ಣದನ್ನು ಕಳೆಯುತ್ತಾ ಹೋಗುವುದು. 84ರಲ್ಲಿ 60 ಹೋದರೆ 24. 60ರಲ್ಲಿ 24 ಎರಡು ಸಲ ಹೋದರೆ 12 ಉಳಿಯಿತು. 24ರಲ್ಲಿ 12 ಪೂರ್ತಿ ಹೋಗುತ್ತದೆ. ಮುಗೀತು, 12 ಡಬ್ಬಿ. ಒಂದೊಂದರಲ್ಲಿ 7 ಪೇಡೆ, 5 ಕರದಂಟು.

ಅಷ್ಟರಲ್ಲಿ ಅಕ್ಕನ ಸಣ್ಣ ಮಗ ಬಾಯಿ ಒರೆಸಿಕೊಳ್ಳುತ್ತಾ ಬಂದ. "ಮಾಮಾ, ಒಂದ ಪೇಡೆ ನಾ ತಿಂದೇನಿ."

ಉಳಿದದ್ದು 83. 2, 3, 5, 7 ಯಾವುದಕ್ಕೂ ಬಗ್ಗಲ್ಲ. 11ರಿಂದಾಚೆ ನೋಡೋದೇ ಬೇಡ, 11 ಹನ್ನೊಂದಲೇ 121 ಆಗಿ 83ನ್ನು ದಾಟಿಬಿಡುತ್ತದೆ. ಅಂದರೆ ಪಕ್ಕಾ ಅವಿಭಾಜ್ಯ. 60ಕ್ಕೂ ಅದಕ್ಕೂ 1 ಬಿಟ್ಟು ಬೇರೆ ನಂಟಿಲ್ಲ. ಲೆಕ್ಕದ ಪ್ರಕಾರ ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಬೇಕು!

ಅಕ್ಕ ತಿರುಗಿಯೂ ನೋಡಲಿಲ್ಲ. "ಒಂದರಾಗ ಆರ ಹಾಕು, ಯಾರೂ ಎಣಸಂಗಿಲ್ಲ."