ಚಮಚ ಓರೆ ಮಾಡಿದರೆ ಜಾರಬಾರದು

ಆರು ತಿಂಗಳು ತುಂಬಿದ ಕೂಸಿಗೆ ಮೊದಲು ಏನು ಕೊಡೋಣ ಎಂದು ಕಾರವಾರದಿಂದ ಭಟ್ಕಳದವರೆಗೆ ಯಾರ ಮನೆಯಲ್ಲಿ ಕೇಳಿ ನೋಡಿ, ಗಂಜಿ ತಿಳಿ ಎಂಬ ಮಾತು ಬಂದೇ ಬರುತ್ತದೆ. ಕುಚ್ಚಲಕ್ಕಿ ಬೇಯಿಸಿ, ಮೇಲಿನ ನೀರು ಬಸಿದು, ಚಿಟಿಕೆ ಉಪ್ಪು ಹಾಕಿ ಕುಡಿಸುವುದು. ಬೇಗ ಅರಗುತ್ತದೆ ಎನ್ನುತ್ತಾರೆ. ಅರಗುವುದಕ್ಕೆ ಅದರಲ್ಲಿ ಇರುವುದಾದರೂ ಎಷ್ಟು?

ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಅಂದರೆ ಏಳು ಕಿಲೋದ ಕೂಸಿಗೆ 210. ಎದೆಹಾಲು ಕುಡಿಯುವ ಮಗುವಿಗೆ ಅದರ ಜತೆಗೆ ಊಟದಿಂದ 6–8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, 9–11 ತಿಂಗಳಲ್ಲಿ 300, ವರ್ಷ ದಾಟಿದ ಮೇಲೆ 550 ಬೇಕು. ಆ ಪುಟ್ಟ ಹೊಟ್ಟೆಯನ್ನು ತಿಳಿಯಿಂದ ತುಂಬಿಸಿದರೆ ಊಟದ ಬಲವೂ ಸಿಗುವುದಿಲ್ಲ, ಹಾಲು ಕುಡಿಯುವುದೂ ಇಳಿಯುತ್ತದೆ. ತೂಕ ಏರದಿದ್ದಾಗ ಮಾತ್ರ ‘ಹಾಲು ಸಾಲುತ್ತಿಲ್ಲ’ ಎಂಬ ದೂರು ಬಾಣಂತಿಯ ತಲೆಗೆ. ಕೊಡುವ ಗಂಜಿ ಚಮಚವನ್ನು ಓರೆ ಮಾಡಿದರೂ ತಟಕ್ಕನೆ ಜಾರದಷ್ಟು ದಪ್ಪ ಇರಬೇಕು.

ಯಾವಾಗ ಶುರು ಎನ್ನುವುದಕ್ಕೆ 180 ದಿನದ ಲೆಕ್ಕ ಸಾಕು. ಅನ್ನಪ್ರಾಶನದ ಮುಹೂರ್ತ ಹೆಣ್ಣಿಗೆ ಬೆಸ ತಿಂಗಳು, ಗಂಡಿಗೆ ಸಮ ತಿಂಗಳು ಎಂದು ನೋಡುತ್ತಾರಷ್ಟೆ. ಐದಕ್ಕೆ ಬಂದರೆ ಶಾಸ್ತ್ರಕ್ಕೆ ತುಟಿಗೆ ಮುಟ್ಟಿಸಿ ಬಿಡಿ. ಎಂಟಕ್ಕೆ ಬಂದರೆ ಅಲ್ಲಿಯವರೆಗೆ ಕಾಯಬೇಡಿ. ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ಕೂರಬೇಕು.

ಗಂಜಿ ಹೀಗೆ. ಕುಚ್ಚಲಕ್ಕಿ ಬೇಗ ಬೇಯುವುದಿಲ್ಲ, ಆದ್ದರಿಂದ ತೊಳೆದು ಒಣಗಿಸಿ ಮಿಕ್ಸಿಯಲ್ಲಿ ತರಿ ಮಾಡಿಟ್ಟುಕೊಳ್ಳಿ. ಎರಡು ದೊಡ್ಡ ಚಮಚ ತರಿ, ಒಂದು ದೊಡ್ಡ ಚಮಚ ಹೆಸರುಬೇಳೆ, 250 ಮಿ.ಲೀ. ನೀರು, ಕುಕ್ಕರಿನೊಳಗೆ ಪಾತ್ರೆಯಿಟ್ಟು ಐದಾರು ಸೀಟಿ. ಸೌಟಿನ ಬೆನ್ನಲ್ಲಿ ಮಸೆದು ಒಂದು ಸಣ್ಣ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಹಾಕಿ. ಆ ಒಂದು ಚಮಚದಲ್ಲೇ 40–45 ಕ್ಯಾಲೊರಿ. ಉಪ್ಪು, ಸಕ್ಕರೆ, ಜೋನಿ ಬೆಲ್ಲ ವರ್ಷದವರೆಗೆ ಬೇಡ. ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಹೋದರೆ ಸಾಕು. ನಿಧಾನಕ್ಕೆ ಅರ್ಧ ಬಟ್ಟಲಿಗೆ, ದಿನಕ್ಕೆ ಎರಡು ಮೂರು ಸಲ. ಒಂಬತ್ತು ತಿಂಗಳಿಗೆ ಮೂರು ನಾಲ್ಕು ಸಲ. ಹಾಲು ಕೇಳಿದಾಗಲೆಲ್ಲ ಇದ್ದೇ ಇದೆ, ಎರಡು ವರ್ಷ, ಅದರಾಚೆಗೂ.

ಬಟ್ಟಲಿನಲ್ಲಿ ಮಿಕ್ಕ ಗಂಜಿ ಅರ್ಧ ಗಂಟೆಯಲ್ಲಿ ನೀರಾಗುವುದನ್ನು ಗಮನಿಸಿರಬಹುದು. ಚಮಚದ ಜತೆ ಬಂದ ಎಂಜಲು ಪಿಷ್ಟವನ್ನು ಕರಗಿಸುವುದರಿಂದ ಹಾಗಾಗುತ್ತದೆ. ಎದೆಹಾಲು ಬೆರೆಸಿದರೂ ಅಷ್ಟೆ, ಕೂಡಲೇ ತಿನ್ನಿಸಬೇಕು. ಎಂಜಲಾದದ್ದನ್ನು ಎತ್ತಿಡಬೇಡಿ. ಎಂಜಲಾಗದ್ದನ್ನೂ ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗೆ ಹೆಚ್ಚು ಹೊತ್ತು ಇಡುವುದು ಸರಿಯಲ್ಲ.

‘ರಾಗಿ ಮಣ್ಣಿ’ ಎಂಬ ಗಟ್ಟಿ ಪಾಯಸಕ್ಕೆ ಅರೆದ ರಾಗಿಯ ಹಾಲು ಹಿಂಡಿ ಬಟ್ಟೆಯಲ್ಲಿ ಸೋಸುವುದು ರೂಢಿ. ರಾಗಿಯ ಸುಣ್ಣದಂಶ ಬಹುಪಾಲು ಸಿಪ್ಪೆಯಲ್ಲಿದೆ, ಅದೇ ಚೆಲ್ಲಿಹೋಗುತ್ತದೆ. ಮೊಳಕೆ ಬರಿಸಿ ನುಣ್ಣಗೆ ಬೀಸಿದ ಹಿಟ್ಟು ವಾಸಿ: ಮೊಳಕೆಯೂ ಪಿಷ್ಟವನ್ನು ಒಡೆಯುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಕೆಂಪಗೆ ಹುರಿದರೆ ಆ ಗುಣ ಹೋಗುತ್ತದೆ. ಮಳೆಗಾಲದಲ್ಲಿ ಮೊಳಕೆ ರಾಗಿ ಒಣಗದೆ ಬೂಷ್ಟು ಹಿಡಿದರೆ ಇಡಿಯಾಗಿ ಎಸೆಯಿರಿ. 200 ಗ್ರಾಂ ಮಾತ್ರ ಮಾಡಿ, ಸಣ್ಣ ಉರಿಯ ಬಾಣಲೆಯಲ್ಲಿ ಆರಿಸಿ. ಇನ್ನು ಕೂವೆ ಹಿಟ್ಟು (ಆರೋರೂಟ್): ಹೆಚ್ಚುಕಡಿಮೆ ಬರೀ ಪಿಷ್ಟ. ದಿನದ ಊಟ ಅದೊಂದೇ ಆಗಬಾರದು.

ಹುಟ್ಟುವಾಗ ತಂದ ಕಬ್ಬಿಣಾಂಶದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತದೆ. ಎದೆಹಾಲಿನಲ್ಲಿ ಅದು ಕಡಿಮೆ, ಅನ್ನದಲ್ಲೂ ಕಡಿಮೆ. ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಇರುವಷ್ಟಾದರೂ ಮೈಗೆ ಹತ್ತುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ಪು ವಾರಕ್ಕೆ ಎರಡು ಸಲ, 1 ಮಿ.ಲೀ.; ಶೀಶೆಯನ್ನು ಕಪಾಟಿನಲ್ಲೇ ಮರೆಯಬೇಡಿ. ಕೊಟ್ಟಿಗೆಯಲ್ಲಿ ಹಸುವಿರುವ ಶಿರಸಿ ಕಡೆಯ ಮನೆಗಳಿಗೆ ಒಂದು ಮಾತು: ವರ್ಷದೊಳಗೆ ಹಸುವಿನ ಹಾಲನ್ನು ಕುಡಿಯಲು ಕೊಡುವುದು ಬೇಡ. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಕೆಲವು ಕೂಸುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಒಸರುತ್ತದೆ. ಮೊಸರು ಒಂದೆರಡು ಚಮಚ ಅಡ್ಡಿಯಿಲ್ಲ.

ಮೀನು ತಿನ್ನುವ ಮನೆಯಾದರೆ ವರ್ಷದವರೆಗೆ ಕಾಯಬೇಕಿಲ್ಲ. ಕಾಣೆ ಮೀನಿನ ಮಾಂಸ ಮೆತ್ತಗೆ. ಅರಿಸಿನದ ನೀರಿನಲ್ಲಿ ಬೇಯಿಸಿ, ನಡುಮುಳ್ಳು ತೆಗೆದು, ಒಂದೊಂದೇ ಚೂರನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಕಣ್ಣಿಗೆ ಬೀಳದ ಮುಳ್ಳು ಬೆರಳಿಗೆ ಸಿಗುತ್ತದೆ. ತಾರ್ಲೆ (ಬೂತಾಯಿ) ಮೀನಿನ ಕೂದಲಂಥ ಮುಳ್ಳಿನ ಸಹವಾಸ ಈಗ ಬೇಡ. ಒಣಮೀನಿನಲ್ಲಿ ಉಪ್ಪು ವಿಪರೀತ, ಶಾರ್ಕಿನಂಥ ದೊಡ್ಡ ಮೀನಿನಲ್ಲಿ ಪಾದರಸ. ಮೀನು, ಮೊಟ್ಟೆ, ಶೇಂಗಾ ಪುಡಿ ಇವನ್ನೆಲ್ಲ ಒಂದೇ ದಿನ ಶುರು ಮಾಡಬೇಡಿ. ನಡುವೆ ಮೂರು ದಿನ ಬಿಟ್ಟರೆ ಮೈಮೇಲೆ ದದ್ದು ಎದ್ದಾಗ ಯಾವುದರಿಂದ ಎಂದು ಗೊತ್ತಾಗುತ್ತದೆ.

ಜೇನು ಮಾತ್ರ ಬೇಡವೇ ಬೇಡ, ಕಾಡಿನ ಶುದ್ಧ ಜೇನಾದರೂ ಸರಿ. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಾಣು ಕುದಿಸಿದರೂ ಸಾಯುವುದಿಲ್ಲ, ವರ್ಷದೊಳಗಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ.

ಎಂಟು ತಿಂಗಳಾದ ಮೇಲೂ ಎಲ್ಲವನ್ನೂ ಮಿಕ್ಸಿಗೆ ಹಾಕುತ್ತಿದ್ದರೆ ಮುಂದೆ ಅಗುಳು ಕಂಡರೇ ಉಗುಳುವ ಮಗುವಾಗಬಹುದು. ಬೆರಳಲ್ಲಿ ಒತ್ತಿದರೆ ಮೆತ್ತಗಾಗುವ ಗಂಟುಗಳಿರಲಿ. ಓಕರಿಸಿದರೆ, ಮುಖ ಕೆಂಪಾಗಿ ಕೆಮ್ಮಿದರೆ ಬಾಯಿಗೆ ಬೆರಳು ಹಾಕಬೇಡಿ, ತಾನೇ ಸರಿಮಾಡಿಕೊಳ್ಳುತ್ತದೆ. ಸದ್ದೇ ಇಲ್ಲದೆ ತುಟಿ ನೀಲಿಯಾದರೆ ಗಂಟಲು ಕಟ್ಟಿದೆ ಎಂದರ್ಥ. ಆಗ ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಅಂಗೈಯ ಬುಡದಿಂದ ಐದು ಪೆಟ್ಟು, ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಒತ್ತು. ಸಿಕ್ಕಿಕೊಂಡದ್ದು ಹೊರಬರುವ ತನಕ ಇದೇ ಸರದಿ, ಜತೆಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.